ರಸ್ತೆಗೆ ಹಾಸಿದ ಹುರುಳಿ

ತಿ. ನರಸೀಪುರ
೨೩ ಜನವರಿ ೧೯೯೮

ಪ್ರೀತಿಯ ತಮ್ಮ ರಾಹುಲನಿಗೆ,

ಜಬಲ್ಪುರದ ಚಳಿಗೆ ನಿನ್ನ ಮೂಗು ಇನ್ನೂ ಮುಖದ ಮೇಲೇ ಇದೆಯೆ? ಕೆಮ್ಮು ವಾಸಿಯಾಯಿತೆ? ಮಿಲಿಟರಿ ರೊಟ್ಟಿಗಿಂತ ಮಿಲಿಟರಿ ಬೂಟೇ ಮೆತ್ತಗಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದಾಗ ಅಮ್ಮ ನಕ್ಕಿದ್ದಳು. ಆಮೇಲೆ ನಕ್ಕಿಲ್ಲ. ಅದಕ್ಕೇ ಇದನ್ನು ಮನೆಯಲ್ಲಿ ಬರೆಯದೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು ಬರೆಯುತ್ತಿದ್ದೇನೆ.

ನನ್ನ ಮಾತಿನಲ್ಲಿ ಹುರುಳಿಲ್ಲ ಎಂದು ಚಿಕ್ಕಂದಿನಿಂದಲೂ ಛೇಡಿಸುತ್ತಿದ್ದೆಯಲ್ಲ, ತಗೋ, ಈ ಕಾಗದದ ತುಂಬ ಹುರುಳಿಯೇ. ಈ ಸಲ ನಮ್ಮ ಹೊಲದಲ್ಲಿ ಅದು ಚೆನ್ನಾಗಿ ಬಂದಿತ್ತು. ಅಮ್ಮ ಎಂದಿನಂತೆ ಕಿತ್ತ ಗಿಡಗಳನ್ನೆಲ್ಲ ನಂಜನಗೂಡು ರಸ್ತೆಗೆ ಹಾಸಿದಳು. ಬಸ್ಸು ಲಾರಿಗಳು ಕೂಲಿ ಕೇಳದೆ ತುಳಿದು ಕಾಳು ಬಿಡಿಸಿಕೊಡುತ್ತವೆ. "ಸರ್ಕಾರ್ದೋರು ನಮ್ಗೆ ಮಾಡಿರೋ ಉಪ್ಕಾರ ಇದೊಂದೇ ಕಣ್ಲಾ" ಎನ್ನುವುದು ಅವಳ ಹಳೆಯ ಮಾತು. ಬಸ್ಸಿಗೆ ಹಾಸಿದ್ದಳು, ಲಾರಿಗೆ ಹಾಸಿದ್ದಳು. ವಿಮಾನಕ್ಕೆ ಹಾಸಿರಲಿಲ್ಲ.

ತರಬೇತಿಯ ಪುಟ್ಟ ವಿಮಾನ. ಎಂಜಿನ್ ನಿಂತಿದ್ದರಿಂದ ಸದ್ದೇ ಇಲ್ಲದೆ ಬಂತು. ಒಳಗಿದ್ದವನು ಒಬ್ಬನೇ, ನಿನ್ನದೇ ವಯಸ್ಸಿನ ಉತ್ತರದ ಹುಡುಗ. ನೆಟ್ಟನೆಯ ರಸ್ತೆ ನೋಡಿ ಇಳಿಸಿದ. ಚಕ್ರ ಚೆನ್ನಾಗಿಯೇ ನೆಲಕ್ಕೆ ತಾಗಿತು. ಬಸ್ಸಿಗೆ ಕಾಯುತ್ತಿದ್ದ ರಾಚಯ್ಯ ಚಪ್ಪಾಳೆ ಕೂಡ ತಟ್ಟಿದನಂತೆ. ಆಮೇಲೆ ನಮ್ಮ ಹುರುಳಿ ಸಿಕ್ಕಿತು. ಜಾರಿ, ಗಿರ್ರನೆ ತಿರುಗಿ, ಹುಣಸೆ ಮರಕ್ಕೆ ಬಡಿಯಿತು. ಟೆಂಪೋದಲ್ಲಿ ನಂಜನಗೂಡಿನವರೆಗೂ ಅವನ ತಲೆ ಅಮ್ಮನ ತೊಡೆಯ ಮೇಲಿತ್ತು. ಅವನು ಹಿಂದಿಯಲ್ಲಿ ಏನೇನೋ ಹೇಳಿದ, ಇವಳು ಕನ್ನಡದಲ್ಲಿ ಊಂಗುಟ್ಟಿದಳು. ಅಲ್ಲಿಂದ ಅವನನ್ನು ಮೈಸೂರಿಗೆ ಸಾಗಿಸಿದರು. ಮಾರನೆಯ ದಿನ ಅಧಿಕಾರಿಗಳು ಬಂದರು. ಒಬ್ಬ ಬಗ್ಗಿ, ಒಂದು ಹಿಡಿ ಹುರುಳಿ ಎತ್ತಿ, ನೋಡಿ, ಕೆಳಗೆ ಬಿಟ್ಟ. ಏನಾದರೂ ಅಂದಿದ್ದರೆ ನಾನು ಅಮ್ಮನಿಗೆ ಕನ್ನಡದಲ್ಲಿ ತಿರುಚಿ ಹೇಳುತ್ತಿದ್ದೆ. ಅನ್ನಲಿಲ್ಲ. ಅಮ್ಮ ಆ ಕೈಯನ್ನೇ ನೋಡುತ್ತಿದ್ದಳು.

ಅಂದಿನಿಂದ ಊಟ ಬಿಟ್ಟಿದ್ದಾಳೆ. ಮಜ್ಜಿಗೆ ಮಾತ್ರ. "ಬದುಕಿವ್ನಿ ಅಂತ ಆ ಕೂಸಿನ ಬಾಯಿಂದ್ಲೇ ಕೇಳೋಗಂಟ ಮುದ್ದೆ ಮುಟ್ಟಾಕಿಲ್ಲ" ಎಂದು ಹಟ. ಎಂಜಿನ್ ಕೆಟ್ಟಿದ್ದು ನಿನ್ನಿಂದಲ್ಲವಲ್ಲ ಎಂದರೆ, "ಇಂಜಿನ್ ಕೆಟ್ರೂ ನೆಲ ಮುಟ್ಟಿದ್ನಲ್ಲಪ್ಪಾ. ರೋಡ್ಗೆ ಉಳ್ಳಿ ಆಸ್ದೋಳು ಯಾರು?" ಎನ್ನುತ್ತಾಳೆ. ನನ್ನ ಉಪನ್ಯಾಸಕ್ಕೂ ಅವಳ ಉಪವಾಸಕ್ಕೂ ದಿನಾ ಕುಸ್ತಿ. ಗೆಲ್ಲುವುದು ಉಪವಾಸವೇ.

ಹುಡುಗ ಉಳಿಯಲಿಲ್ಲ, ರಾಹುಲ. ಮೈಸೂರಿನ ಆಸ್ಪತ್ರೆಯಲ್ಲೇ ಹೋಗಿಬಿಟ್ಟ. ಅಮ್ಮನಿಗೆ ಮಾತ್ರ, ಹುಷಾರಾಗುತ್ತಿದ್ದಾನೆ ಎಂದು ಹೇಳಿದ್ದೇನೆ. ಈ ಕಾಗದ ಸಿಕ್ಕ ಮೇಲಿನ ಭಾನುವಾರ ಬೆಳಿಗ್ಗೆ ಗಂಗಾಧರಸ್ವಾಮಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡು. ಅಮ್ಮನನ್ನು ಕೂರಿಸಿರುತ್ತೇನೆ. ಆ ಹುಡುಗನಾಗಿ ಹಿಂದಿಯಲ್ಲಿ ಮಾತಾಡು, ಚೆನ್ನಾಗಿದ್ದೀನಿ ಅನ್ನು, ನಗು. ಕೆಮ್ಮು ಬಂದರೆ ತಡೆದುಕೋ. ನಿನ್ನ ಕೆಮ್ಮನ್ನು ಅವಳು ಯಾವ ಭಾಷೆಯಲ್ಲಿದ್ದರೂ ಗುರುತು ಹಿಡಿಯುತ್ತಾಳೆ.

ನಿನ್ನ ಬ್ಯಾರಕ್ಕಿನ ಗೆಳೆಯರಿಗೆಲ್ಲ ನಮಸ್ಕಾರ. ನಿನಗೆ, ನಿನ್ನ ಮೂಗಿಗೆ, ಇಬ್ಬರಿಗೂ ಆಶೀರ್ವಾದ.

ನಿನ್ನ ಅಣ್ಣ,
ಜಗನ್

ತಾ.ಕ.: ಕಾಗದ ಪೋಸ್ಟ್ ಮಾಡದೆ ಜೇಬಿನಲ್ಲೇ ಇಟ್ಟುಕೊಂಡು ಊರಿಗೆ ಹೋದೆ. ಬಸ್ಸಿಳಿದರೆ, ಅಮ್ಮ ಆ ಹುಣಸೆಯ ಬುಡದಲ್ಲಿ ಕೂತು ಸತ್ತವರಿಗೆ ಬಿಡುವ ಹಾಲು-ತುಪ್ಪ ಬಿಡುತ್ತಿದ್ದಳು. ಯಾರು ಹೇಳಿದರು ಎಂದು ಕೇಳಿದೆ. "ನೀನೇ ಕಣ್ಲಾ. ಉಸಾರಾಯ್ತಾವ್ನೆ ಅಂತ ಯೇಳುವಾಗ ಒಂದು ತಮಾಸೆನೂ ಮಾಡ್ನಿಲ್ವಲ್ಲ" ಅಂದಳು. ಈಗ ಮಜ್ಜಿಗೆಯೂ ಬೇಡವಂತೆ. ಫೋನ್ ಮಾಡಬೇಡ. ತಂತಿ ಕೊಡಲು ಹೊರಟಿದ್ದೇನೆ, ಕಾಗದಕ್ಕಿಂತ ಮೊದಲೇ ತಲುಪುತ್ತದೆ. 'ತಾಯಿ ಸೀರಿಯಸ್' ಎಂದು ಹಿಂದೆಲ್ಲ ನಿನ್ನ ರಜೆಗಾಗಿ ಸುಳ್ಳುಸುಳ್ಳೇ ಕಳಿಸುತ್ತಿದ್ದೆನಲ್ಲ, ಅದೇ ಎರಡು ಮಾತು. ಅಣ್ಣನ ತಮಾಷೆ ಎಂದು ನಕ್ಕು ಜೇಬಿಗೆ ಹಾಕಿಕೊಂಡಿದ್ದರೆ, ತೆಗೆದು ಸಾಹೇಬರಿಗೆ ತೋರಿಸು.