ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ

ಸೆಪ್ಟೆಂಬರ್ 12, 1994. ಸೋಮವಾರ
ಪಕ್ಕದ ಮನೆಯ ಐವಿಗೆ ಆಸ್ಪತ್ರೆಗೆ ಅಕ್ಕಿ ಪಾಯಸ ಒಯ್ದೆ. ಎಂಟು ಚಮಚ ಒಳಗೆ, ಮೂರು ಗದ್ದದ ಮೇಲೆ. ಲಕ್ವ ಹೊಡೆದು ಐದು ವಾರ. ದನಿ ಹೋಗಿದೆ. ಕಿವಿಯನ್ನು ಗಿರಣಿಯ ಮಗ್ಗಗಳ ಸದ್ದು ಎಂದೋ ತಿಂದು ಹಾಕಿದೆ. ಬುದ್ಧಿ ಮಾತ್ರ ನೆಟ್ಟಗಿದೆ. ಆಸ್ಪತ್ರೆಯಲ್ಲಿ ಅದನ್ನು ಬಲ್ಲವಳು ನಾನೊಬ್ಬಳೇ.

"ಪಾಪ, ಅಜ್ಜಿ ಸುಮ್ನೆ ಬಾಯಾಡಿಸ್ತಾರೆ" ಅಂದಳು ನರ್ಸ್.

"ಸುಮ್ನೆ ಅಲ್ಲ. ನಿನ್ನ ಟೀ ಪಾತ್ರೆ ತೊಳೆದ ನೀರಿನ ಥರ ಇದೆ ಅಂತಿದ್ದಾಳೆ."

ಹುಡುಗಿಯ ಮುಖ ಕೆಂಪಾಯಿತು. ಐವಿ ಅರ್ಧ ಮುಖದಲ್ಲಿ ನಕ್ಕಳು.

ನಿಮಗೆ ಹೇಗೆ ಗೊತ್ತಾಗುತ್ತೆ ಅಂತ ನರ್ಸ್ ಕೇಳಿದಳು. ಹೇಳಿದೆ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಇಬ್ಬರೂ ಒಂದೇ ದಿನ ಗಿರಣಿ ಸೇರಿದೆವು. ನಾನೂರು ಮಗ್ಗ. ಕೂಗಿದರೆ ನಮ್ಮ ಕೂಗು ನಮಗೇ ಕೇಳದು. ತುಟಿಯಲ್ಲೇ ಆಡಬೇಕು, ತುಟಿಯಲ್ಲೇ ಓದಬೇಕು. ಮೂರು ಸಾಲು ಆಚೆಯಿಂದ ಐವಿ ಮೇಸ್ತ್ರಿಗೆ ಬೈಯುತ್ತಿದ್ದ ಬೈಗುಳಕ್ಕೆ ನಕ್ಕು ನಕ್ಕು ನನ್ನ ಎಳೆ ಕಡಿದದ್ದೆಷ್ಟೋ. ಯಾರಾದರೂ ಬಾಯಿಗೆ ಕೈ ಅಡ್ಡ ಹಿಡಿದರೆ ಅರ್ಥ ಒಂದೇ: ಆಡುತ್ತಿರುವುದು ನಿನ್ನ ಬಗ್ಗೆ, ನಿನಗೆ ಕೇಡಿನ ಮಾತು.

ಸೆಪ್ಟೆಂಬರ್ 15
ಮೊಣಕಾಲು ಊದಿದೆ. ಐವಿಯ ಸೊಂಟ ಮುರಿದಂದಿನಿಂದ ಎರಡು ವರ್ಷ ಅವಳ ಊಟ, ಒಲೆಯ ಕಲ್ಲಿದ್ದಲು, ಕಕ್ಕಸಿನ ಪಾಟು, ಎಲ್ಲ ನಾನೇ. ಗೋಡೆಯಾಚೆ ಕೆಮ್ಮಿದರೆ ಏಳಬೇಕು.

ಇವತ್ತು ತುಟಿಯಲ್ಲಿ ಅಂದಳು, "ಮನೆಗೆ ಕರ್ಕೊಂಡು ಹೋಗೇ. ಪಕ್ಕದಲ್ಲಿ ನೀನಿದ್ದೀಯಲ್ಲ."

ಇದ್ದೇನೆ. ಅದೇ ಕರ್ಮ.

ಸೆಪ್ಟೆಂಬರ್ 17
ಐವಿಯ ತಮ್ಮನ ಮಗಳು ಗ್ಲೆನಿಸ್ ಬಂದಿದ್ದಳು, ವೃದ್ಧಾಶ್ರಮದ ಕಾಗದ ಹಿಡಿದು. ಕೆಟ್ಟವಳಲ್ಲ.

"ಅತ್ತೆ ತನ್ನ ಮನೆಗೇ ಹೋಗ್ತೀನಿ ಅಂದ್ರೆ ಹಗಲು ಯಾರನ್ನಾದ್ರೂ ಗೊತ್ತು ಮಾಡ್ತೀನಿ. ರಾತ್ರಿ ನೀವು ನೋಡ್ಕೋಬೇಕಾಗುತ್ತೆ, ಎಡ್ನಾ ಆಂಟಿ. ಏನಂತಾರೆ ಕೇಳಿ."

ಕೇಳಿದೆ.

"ಮನೆ. ನನ್ನ ಮನೆ. ಬೇರೆ ಕಡೆ ಹಾಕಿದ್ರೆ ಸಾಯ್ತೀನಿ ಕಣೇ."

ಐವಿ ಅಷ್ಟು ಅಗಲ ಬಾಯಿ ಮಾಡಿ ಹೇಳಿದಳು. ಗ್ಲೆನಿಸ್‌ಗೆ ಒಂದಕ್ಷರ ಹತ್ತಲಿಲ್ಲ.

"ಏನಂತೆ, ಆಂಟಿ?"

ಕರವಸ್ತ್ರ ತೆಗೆದೆ. ಕೆಮ್ಮು ಬಂದವಳ ಹಾಗೆ ಬಾಯಿಗೆ ಹಿಡಿದೆ.

"ಯಾರಿಗೂ ಭಾರ ಆಗಲ್ಲ, ಆಶ್ರಮಕ್ಕೇ ಹೋಗ್ತೀನಿ ಅಂತಾಳೆ."

ಗ್ಲೆನಿಸ್ ಅತ್ತಳು. ನನ್ನನ್ನು ತಬ್ಬಿಕೊಂಡಳು. ಅವಳ ಹೆಗಲಾಚೆ ಐವಿ ನೋಡುತ್ತಿದ್ದಳು. ನನ್ನ ಕಣ್ಣನ್ನಲ್ಲ. ಕರವಸ್ತ್ರವನ್ನು.

ಸೆಪ್ಟೆಂಬರ್ 18
ಚರ್ಚಿಗೆ ಹೋಗಲಿಲ್ಲ. ಚೆನ್ನಾಗಿ ನಿದ್ದೆ ಬಂತು. ಥೂ, ನನ್ನ ಜನ್ಮಕ್ಕೆ.

ಅಕ್ಟೋಬರ್ 20
ಆಶ್ರಮ. ಬೆಂದ ಎಲೆಕೋಸಿನ ನಾತ. ಕಿಟಕಿ ಪಕ್ಕ ಕುರ್ಚಿ. ಐವಿಯ ತುಟಿ ಹೊಲಿದ ಹಾಗೆ. ಮೂರು ಸಲ ಬಂದೆ, ಮೂರು ಸಲವೂ ಹೀಗೇ.

"ತುಂಬಾ ಸಾಧು ನಿಮ್ಮ ಗೆಳತಿ" ಅಂದಳು ಮೇಟ್ರನ್. "ಬಾಯಾಡಿಸೋದೂ ನಿಂತಿದೆ. ಊಟ ಮಾತ್ರ ಸೇರ್ತಿಲ್ಲ."

ಸಾಧುವಂತೆ! ಮೇಸ್ತ್ರಿಯ ತಲೆಗೆ ಮಗ್ಗದ ಲಾಳಿ ಎಸೆದವಳು.

ನವೆಂಬರ್ 9
ಗೋಡೆಯಾಚೆ ಮಗು ಅಳುತ್ತಿದೆ. ಐವಿಯ ಮನೆಗೆ ಹೊಸ ಬಾಡಿಗೆಯವರು.

ಗ್ಲೆನಿಸ್‌ಗೆ ಫೋನ್ ಮಾಡಿ ಎಲ್ಲ ಒದರಿಬಿಟ್ಟೆ.

"ನಿಮ್ಮ ಮಾತು ನಂಬಿ ಮನೆ ಕೀಲಿ ಮಾಲೀಕರಿಗೆ ವಾಪಸ್ ಕೊಟ್ಟೆ, ಆಂಟಿ."

ಫೋನ್ ಇಟ್ಟುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 10
ಎರಡು ಬಸ್ಸು ಹಿಡಿದು ಹೋದೆ. ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಐವಿಯ ಎದುರು ಕೂತೆ. ಕರವಸ್ತ್ರ ಚೀಲದಲ್ಲಿ, ಚೀಲ ನೆಲದ ಮೇಲೆ, ಎರಡೂ ಕೈ ತೊಡೆಯ ಮೇಲೆ. ಗಿರಣಿಯಲ್ಲಿ ಆಡಿದ ಹಾಗೇ ಆಡಿದೆ, ದನಿಯಿಲ್ಲದೆ:

ಐವಿ. ನಾನು ಸುಳ್ಳು ಹೇಳಿದೆ. ನನಗೆ ಸಾಕಾಗಿತ್ತು.

ಓದಿದಳು. ಒಂದು ಮಾತೂ ಬಿಡದೆ ಓದಿದಳು. ಮುಂದಿನದಕ್ಕೆ ಬಾಯಿ ತೆರೆದೆ. ಕಣ್ಣು ಮುಚ್ಚಿದಳು.

ಕಿವುಡಿ ಕಣ್ಣು ಮುಚ್ಚಿದರೆ ಮುಖದ ಮೇಲೆ ಬಾಗಿಲು ಹಾಕಿದಂತೆ. ಕೈ ಮುಟ್ಟಿದೆ. ಎಳೆದುಕೊಂಡಳು. ಕೊನೆಯ ಬಸ್ಸಿನವರೆಗೂ ಕೂತಿದ್ದೆ. ತೆರೆಯಲಿಲ್ಲ.

ನವೆಂಬರ್ 11, ಬೆಳಿಗ್ಗೆ
ನನ್ನ ಮನೆಯ ಮುಂದಿನ ಕೋಣೆಯ ಮೇಜು ಹೊರಗೆ ಎಳೆದೆ. ಐವಿಗೊಂದು ಮಂಚ ಹಿಡಿಸುತ್ತದೆ. ಕುರ್ಚಿಯೂ. ಮೊಣಕಾಲು ಹಾಳಾಗಿ ಹೋಗಲಿ. ಕ್ಷಮಿಸು ಗಿಮಿಸು ಅನ್ನುವುದಿಲ್ಲ, ಅದು ಅವಳಿಗೂ ಸೇರದು. ಮನೆಗೆ ಬಾರೇ, ಅಷ್ಟೇ. ಎರಡು ಮಾತು. ಅಷ್ಟು ಓದುವ ಮಟ್ಟಿಗೆ ಅವಳು ಕಣ್ಣು ತೆರೆದರೆ…