ಮೊಣ್ಣಪ್ಪನವರ ಸೋಫಾ

2022, ಜೂನ್ 3
ಮತ್ತೆ ಜೆರಾಕ್ಸ್ ಅಂಗಡಿ. ಮದುವೆ ಸರ್ಟಿಫಿಕೇಟ್ ನಾಲ್ಕು ಕಾಪಿ, ರಾಫೆಲ್‌ನ ಬ್ರೆಜಿಲ್ ಪಾಸ್‌ಪೋರ್ಟ್ ನಾಲ್ಕು. ಗಂಡ ಫಾರಿನ್ನಿನವನು ಅಂತ ಎಂಬಸಿಯ ಪತ್ರ ಬೇರೆ. ಕೊನೆಗೂ ಬಂತು! ಉಳಿದಿರುವುದು ಹೋಮ್ ಸ್ಟಡಿ. ಮಡಿಕೇರಿಯಿಂದ ಹರ್ಷಿತಾ ಮೇಡಂ ಅಂತೆ, 14ಕ್ಕೆ. ಮನೆ ನೋಡಿ, ನಮ್ಮನ್ನು ಮಾತಾಡಿಸಿ, ದತ್ತು ಕೊಡಬಹುದೋ ಇಲ್ಲವೋ ಎಂದು ಬರೆಯುತ್ತಾರೆ. ಬೇಡ ಎಂದು ಬರೆದರೆ ಮುಗಿಯಿತು. ನನಗೆ ಮೂವತ್ತೊಂಬತ್ತು. ಮತ್ತೆ ಮೊದಲಿಂದ ಶುರು ಮಾಡುವ ತಾಳ್ಮೆ ನನ್ನಲ್ಲಿಲ್ಲ.

ಜೂನ್ 8
ಅಮ್ಮನಿಗೆ ಹೇಳಿದ್ದೇ ತಪ್ಪು. ಅವಳ ತಲೆಯಲ್ಲಿ ಇದು ಹೆಣ್ಣು ನೋಡುವ ಶಾಸ್ತ್ರ.
"ಬಂದೋರ ಕಣ್ಣಿಗೆ ಮನೆ ತುಂಬಿದಂಗೆ ಕಾಣ್ಬೇಕು ಕಣೇ ಉಷಾ. ನಿನ್ನ ನೋಡಕ್ ಬಂದಾಗ್ಲೂ ಹಂಗೇ ಮಾಡಿದ್ವಿ."
ಹೌದು, ಮಾಡಿದ್ದರು. ಜಮಖಾನ ಒಬ್ಬರದು, ಬೆಳ್ಳಿ ಲೋಟ ಇನ್ನೊಬ್ಬರದು. ಆ ಗಂಡು ಒಪ್ಪಲಿಲ್ಲ, ಅದು ಬೇರೆ ಮಾತು. ಆಮೇಲೆ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ರುಚಿ ನೋಡಲು ಬಂದವನನ್ನು ನಾನೇ ಕಟ್ಟಿಕೊಂಡೆ.

ಜೂನ್ 13, ಸಂಜೆ
ಪಕ್ಕದ ಮನೆ ಮೊಣ್ಣಪ್ಪನವರ ಸೋಫಾ ಬಂತು. ಬಾಗಿಲಲ್ಲಿ ಸಿಕ್ಕಿಕೊಂಡು ಅರ್ಧ ಗಂಟೆ ರಾದ್ಧಾಂತ. ಎದುರು ಮನೆಯ ಫ್ರಿಜ್ಜೂ ಬರಬೇಕಿತ್ತು, ಅಮ್ಮನಿಗೆ ಕೈಮುಗಿದು ತಡೆದೆ. ಸೋಫಾ ಬೇಡ ಅಂತ ಮಾತ್ರ ನಾನೂ ಹೇಳಲಿಲ್ಲ. ಸುಳ್ಳೇಕೆ, ಚೆನ್ನಾಗಿ ಕಾಣುತ್ತಿದೆ.
"ಉಷಾ, ಯಾಕೆ? ನಮ್ಮ ಬೆಂಚು ಒಳ್ಳೇದು" ಅಂದ ರಾಫೆಲ್.
ಸುಮ್ಮನಿರು ಮಾರಾಯ ಅಂದೆ.

ಜೂನ್ 14, ಮಧ್ಯಾಹ್ನ 3
ಹೋದರು.
ಮೊದಲು ಎಲ್ಲ ಸರಿಯಿತ್ತು. ಕೇಸರಿಬಾತ್ ತಿಂದರು. ಕಾಲುವೆ ಎಷ್ಟು ದೂರ, ಗೇಟಿಗೆ ಚಿಲಕ ಇದೆಯಾ ಅಂತ ಕೇಳಿದರು. ಆಮೇಲೆ ಸೋಫಾ ಸವರಿ, "ಹೊಸದಾ?"
ರಾಫೆಲ್ — ನನ್ನ ಪುಣ್ಯಾತ್ಮ — "ಇಲ್ಲ ಮೇಡಂ. ಮೊಣ್ಣಪ್ಪಂದು. ಸಂಜೆ ವಾಪಸ್."
ಮೇಡಂ ಪೆನ್ನು ನಿಂತಿತು. "ಇನ್ನೇನೇನು ಬೇರೆಯವ್ರದ್ದು?"
ಅಮ್ಮ ಎದ್ದಳು. "ತಪ್ಪು ನಂದು ಕಣವ್ವ, ಈ ಮಕ್ಳುದ್ದಲ್ಲ." ಒಳಗೆ ಹೋಗಿ ಟ್ರಂಕಿನಿಂದ ಗಂಟೊಂದು ತಂದಳು. ಬಿಚ್ಚಿದರೆ ಪುಟ್ಟ ಕೌದಿ! ನನಗೇ ಗೊತ್ತಿರಲಿಲ್ಲ.
"ಕೂಸಿಗೆ ಮೊದ್ಲು ಹೊಸ ಬಟ್ಟೆ ಹಾಕಲ್ಲ ನಮ್ಮಲ್ಲಿ. ಮಕ್ಳು ಚೆಂದಾಗಿ ಬೆಳೆದಿರೋ ಮನೇಲಿ ಹಳೇ ಸೀರೆ ಕೇಳಿ ತರ್ಬೇಕು. ಒಂಬತ್ತು ಮನೇಲಿ ತಂದು ಹೊಲ್ದಿದೀನಿ. ಇದೂ ಬೇರೆಯವ್ರದ್ದೇ ಕಣವ್ವ. ಆದ್ರೆ ಇದನ್ನ ವಾಪಸ್ ಕೊಡಲ್ಲ."
"ಯಾವಾಗಿಂದ ಹೊಲೀತಿದೀರಾ ಅಮ್ಮ?"
"ಇವ್ಳು ಅರ್ಜಿ ಹಾಕಿದ್ ದಿನದಿಂದ."
ಅಳು ತಡೆಯಲಾಗಲಿಲ್ಲ ನನಗೆ. ಮೇಡಂ ಏನೋ ಬರೆದುಕೊಂಡರು. ಹೊರಡುವಾಗ ನಗಲೂ ಇಲ್ಲ, ಮುಖ ಗಂಟು ಹಾಕಲೂ ಇಲ್ಲ. ಏನಂತ ತಿಳಿಯೋದು, ಹಾಳಾದ್ದು!

ಜುಲೈ 2
ಪಾಸ್! ವರದಿಯಲ್ಲಿ ಒಂದು ಸಾಲು — "ಮನೆಯಲ್ಲಿ ಪೀಠೋಪಕರಣ ಕಡಿಮೆ, ನೆರೆಹೊರೆಯ ಆಸರೆ ಚೆನ್ನಾಗಿದೆ." ಓದಿ ಹೇಳಿದ್ದಕ್ಕೆ ಮೊಣ್ಣಪ್ಪನವರು ಮೀಸೆ ತಿರುವಿದರು. ಇನ್ನು ಮಗುವಿಗಾಗಿ ಸರದಿ ಕಾಯಬೇಕು.

2023, ಡಿಸೆಂಬರ್ 30
ಏನಿಲ್ಲ. ಅಮ್ಮ ಕೌದಿಯನ್ನು ಮತ್ತೆ ಬಿಸಿಲಿಗೆ ಹಾಕಿದಳು.

2025, ಮಾರ್ಚ್ 19, ಬೆಳಿಗ್ಗೆ 11
ಮೆಸೇಜ್ ಬಂದಿದೆ. ಹೆಣ್ಣು ಮಗು! ಹದಿನಾಲ್ಕು ತಿಂಗಳು! ಫೋಟೋ ಇನ್ನೂ ತೆರೆದುಕೊಳ್ಳುತ್ತಾ ಇದೆ, ಇವತ್ತೇ ಈ ನೆಟ್ಟಿಗೆ ರೋಗ ಬಡಿಯಬೇಕಾ... ರಾಫೆಲ್ ಕೆಲಸ ಬಿಟ್ಟು ಓಡಿ ಬರುತ್ತಿದ್ದಾನೆ. ಕನ್ನಡಕ ತರಲು ಹೋದ ಅಮ್ಮ ಕೌದಿ ಹಿಡಿದು ಬಂದಿದ್ದಾಳೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂದಲು ಕಾಣಿಸಿತು, ಗುಂಗುರು. ಹಣೆ. ಹುಬ್ಬು. ಈಗ ಕಣ್ಣು —