ಅಮ್ಮ ಮುಚ್ಚಿದ್ದ ಸಂದು

ಸ್ತೋಕ್, ಅಕ್ಟೋಬರ್ ೧೪

ಮಗಳೇ ಕುಂಜೆಸ್,

ಮರದ ಪುಡಿಯ ಗುಳಿಗೆ ಉರಿಸುವ ಪೆಲೆಟ್ ಒಲೆ ಕೂರಿಸಿದ್ದಾಯಿತು. ಹೊಗೆಕೊಳವೆ ಗೋಡೆ ದಾಟಿ, ಕಿಟಕಿಯಿಂದ ದೂರ ಹೋಗಿದೆ.

ನಿನ್ನ ಅಮ್ಮ ಪ್ರತಿ ಚಳಿಗಾಲ ಹಿಟ್ಟಿನ ಅಂಟು ಹಚ್ಚಿ, ಕಾಗದದಿಂದ ಕಿಟಕಿಯ ಸಂದುಗಳನ್ನೆಲ್ಲ ಮುಚ್ಚುತ್ತಿದ್ದಳಲ್ಲ, ಫಿಟ್ಟರ್ ನುರ್ಬು ಆ ಹಳೇ ಕಾಗದವನ್ನು ಕಿತ್ತು, ಗಾಳಿಗೆಂದು ಗೋಡೆಗೆ ಇನ್ನೊಂದು ತೂತು ಕೊರೆದ.

"ಮನೆ ಬಿಸಿ ಮಾಡು ಅಂದ್ರೆ ಚಳೀನ ಒಳಗೆ ಕರೀತೀಯಲ್ಲೋ!" ಎಂದೆ.

"ಕರೀಲೇಬೇಕು ತಾತ. ಇಲ್ದಿದ್ರೆ ಕಾಣದ ಹೊಗೆ ನಿಮ್ಮನ್ನೇ ಕರ್ಕೊಂಡು ಹೋಗುತ್ತೆ. ಹಳೇ ಒಲೆ ಇದ್ದಾಗ ಬೆಳಿಗ್ಗೆ ಯಾರಿಗಾದ್ರೂ ತಲೆ ನೋಯ್ತಿತ್ತಾ?"

ಕಾಲೇಜಿನಲ್ಲಿ 'ಇನ್‌ಕಂಪ್ಲೀಟ್ ಕಂಬಶ್ಚನ್', ಅಂದರೆ ಅರೆಬರೆ ಉರಿ, ಅಂತ ಬಾಯಿಪಾಠ ಮಾಡಿದ್ದೆ. ಅದರಿಂದ ವಿಷಗಾಳಿ ಹುಟ್ಟುತ್ತದೆ ಎಂಬ ಮುಂದಿನ ಸಾಲು ಎಂದೋ ಮರೆತುಹೋಗಿತ್ತು. ಅಮ್ಮ ಹಣೆಗೆ ಬಟ್ಟೆ ಕಟ್ಟಿಕೊಂಡು ಏಳುವಾಗ, "ಚಳಿ ಬಂತು, ನಿನ್ನ ತಲೆನೋವೂ ಬಂತು" ಎಂದು ನಗುತ್ತಿದ್ದೆ. ನಾನು ಲೇಹ್‌ಗೆ ಹೋಗಿದ್ದ ಆ ಬೆಳಿಗ್ಗೆ ಅವಳು ಏಳಲೇ ಇಲ್ಲ. ಹೃದಯ ಎಂದರು, ನಂಬಿದೆವು.

ನುರ್ಬುವಿಗೆ "ಯಾರಿಗೂ ಇಲ್ಲಪ್ಪ" ಎಂದುಬಿಟ್ಟೆ.

ನಿನ್ನ ಮಗುವನ್ನು ಇಲ್ಲಿಗೆ ಕರೆತರುವಾಗ, ವಿಷಗಾಳಿ ಸೇರಿದರೆ ಕೂಗುವ ಅಲಾರಂ ಒಂದು ತಾ. ತೂತಿನಿಂದ ತಣ್ಣಗೆ ಬೀಸುತ್ತದೆ. ನೀನೂ ಅಮ್ಮನ ಮಗಳೇ, ಕೈ ಸುಮ್ಮನಿರುವುದಿಲ್ಲ. ಆದರೆ ಅದಕ್ಕೆ ಬಟ್ಟೆ ತುರುಕಬೇಡ. ಅವಳ ಶಾಲು ಒಗೆದಿಟ್ಟಿದ್ದೇನೆ, ಅದನ್ನು ಹೊದ್ದುಕೋ.

ದಾರಿ ಕಾಯುತ್ತಿರುವ ನಿನ್ನ ಅಬಾ,
ಥುಂಡುಪ್